ಅಮರೇಶಪ್ಪ ಮಾವ ಹೋಟೆಲು ಹುಡುಕಿದ ದಿನ

ನನ್ನ ಅಕ್ಕನ ಗಂಡ ಅಮರೇಶಪ್ಪನವರಷ್ಟು ಒಳ್ಳೆಯ ಮನುಷ್ಯರು ನಮ್ಮ ಬಳಗದಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ತಲೆ ತಿನ್ನುವವರೂ ಇನ್ನೊಬ್ಬರಿಲ್ಲ. ಎರಡೂ ಮಾತನ್ನು ಮನಸಾರೆ ಹೇಳುತ್ತಿದ್ದೇನೆ. ಹೈದರಾಬಾದಿನ ನಾಚಾರಂನಲ್ಲಿ ಅವರ ಮನೆಯಿಂದ ಎರಡು ಗಲ್ಲಿ ಆಚೆಗೆ ನನ್ನ ಮನೆ. ಅವರಿಂದ ನಾನು ಪಡೆದ ಉಪಕಾರವೂ ಬಹಳ, ಅನುಭವಿಸಿದ ಕಾಟವೂ ಬಹಳ.

ಮಾವ ಲಿಂಗಸುಗೂರಿನ ಕಡೆಯವರು. ಮೀಸೆ ಚಿಗುರುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದು, ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯ ಸ್ಟೋರಿನಲ್ಲಿ ಸೇರಿ, ಅಲ್ಲೇ ತಲೆ ನರೆತು ನಿವೃತ್ತರಾದರು. ಜಾಗ ಅಗ್ಗಕ್ಕೆ ಸಿಕ್ಕಿತೆಂದು ಮನೆ ಕಟ್ಟಿಸಿದ್ದು ನಾಚಾರಂನಲ್ಲಿ. ದಿನಾ ಎರಡು ಬಸ್ಸು ಬದಲಿಸಿ ಊರಿನ ಆ ತುದಿಗೆ ಹೋಗುತ್ತಿದ್ದರು, ಕೈಯಲ್ಲಿ ಅಕ್ಕ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿ ಇಲ್ಲದೆ ಅವರು ಮನೆ ಬಿಟ್ಟದ್ದು ನನಗೆ ನೆನಪಿಲ್ಲ. ಮನೆ ಇರುವ ಊರಿನಲ್ಲಿ ಹೋಟೆಲಿಗೆ ಹೋಗಿ ಉಣ್ಣುವವರನ್ನು ಕಂಡರೆ, ಪಾಪ, ಇವರ ಮನೆಯಲ್ಲಿ ಏನು ತೊಂದರೆಯೋ ಎಂದು ನಿಜವಾಗಿಯೂ ಮರುಗುತ್ತಿದ್ದರು.

ಊರು ಬಿಡುವಾಗ ಅವರು ಬಟ್ಟೆಬರೆಯ ಜೊತೆ ಊರಿನ ರಿವಾಜುಗಳನ್ನೆಲ್ಲ ಹೊತ್ತು ತಂದರು. ಉಡಿ ತುಂಬುವಾಗ ಒಣಕೊಬ್ಬರಿ ಯಾವ ಕೈಯಿಂದ ಇಡಬೇಕು, ಬಸುರಿಯ ಕುಬಸಕ್ಕೆ ಸೀರೆ ಯಾರ ಮನೆಯಿಂದ ಬರಬೇಕು, ಸತ್ತವರ ಮನೆಗೆ ಯಾವ ವಾರ ಹೋಗಬಾರದು, ಎಲ್ಲಕ್ಕೂ ಅವರ ಹತ್ತಿರ ಉತ್ತರವಿದೆ. ಹೈದರಾಬಾದಿನ ನಮ್ಮ ಕಡೆಯ ಮನೆಗಳವರು ಮದುವೆ, ಮುಂಜಿ ಎಂದರೆ ಮೊದಲು ಅವರಿಗೇ ಫೋನು ಮಾಡುತ್ತಾರೆ. ಬೆಂಗಳೂರಿನಿಂದ ಕೂಡ ಒಬ್ಬರು ಕೇಳಿದ್ದರು. ಮಾವ ಕಣ್ಣು ಮುಚ್ಚಿ ನೆನಪಿಸಿಕೊಂಡು ಹೇಳುತ್ತಾರೆ. ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಅವರಿಗೆ ಒಬ್ಬಳೇ ಮಗಳು, ಸುವರ್ಣಾ. ಕೊಂಡಾಪುರದ ಒಂದು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ. ವಯಸ್ಸು ಮೂವತ್ತು ದಾಟಿತ್ತು. ಬಂದ ಗಂಡುಗಳಲ್ಲಿ ಕೆಲವರನ್ನು ಅವಳು ಬೇಡವೆಂದಳು, ಕೆಲವರು ಅವಳನ್ನು ಬೇಡವೆಂದರು. ಇನ್ನು ಕೆಲವರನ್ನು ಮಾವನೇ ಯಾವುದೋ ರಿವಾಜು ತೆಗೆದು ತಳ್ಳಿಹಾಕಿದರು. ಅಕ್ಕ ಶಿವದೇವಿ ಯಾರದೇ ಮದುವೆಯ ಕರೆ ಬಂದರೂ ಮಂಡಿ ನೋವೆಂದು ಮನೆಯಲ್ಲೇ ಕೂರಲು ಶುರುಮಾಡಿದ್ದಳು. ಅಂಥ ಹೊತ್ತಿನಲ್ಲಿ ಸಿಂಧನೂರಿನ ಬಸವಕಿರಣನ ಸಂಬಂಧ ಬಂತು. ಬೀಜದ ಕಂಪನಿಯೊಂದರಲ್ಲಿ ನೌಕರಿ, ಹೈದರಾಬಾದಿಗೆ ವರ್ಗ ಮಾಡಿಸಿಕೊಳ್ಳಲು ತಯಾರು. ಹಿರಿಯರ ಒಪ್ಪಿಗೆಯಿಂದಲೇ ಇಬ್ಬರೂ ಕೆಲವು ತಿಂಗಳು ಫೋನಿನಲ್ಲಿ ಮಾತಾಡಿದರು. ಒಂದು ಸಂಜೆ ಸುವರ್ಣಾ ನಮ್ಮ ಮನೆಗೆ ಬಂದವಳು, ನಾನು ಕೇಳದೆಯೇ ಹೇಳಿದಳು.

"ಮಾಮಾ, ಇವರ ಜೋಡಿ ಮಾತಾಡೂ ಮುಂದ ನಾ ಏನ್ ಹೇಳಬೇಕು ಅಂತ ಮೊದಲ ಯೋಚನಿ ಮಾಡಾಂಗಿಲ್ಲ. ಸುಮ್ನ ಮಾತಾಡ್ತೀನಿ."

ಆ ಹುಡುಗಿ ಇಷ್ಟು ಬಾಯಿ ಬಿಟ್ಟದ್ದೇ ದೊಡ್ಡದು. ಈ ಸಂಬಂಧ ಆಗಲೇಬೇಕು ಎಂದು ನಾನು ಅಂದೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಹುಡುಗನ ಕಡೆಯವರು ಒಂದು ಭಾನುವಾರ ಹೆಣ್ಣು ನೋಡಲು ಬರುವುದೆಂದು ನಿಶ್ಚಯವಾಯಿತು. ಹುಡುಗ, ಅವನ ತಾಯಿ ಶಾರದಾಬಾಯಿ, ಸೋದರಮಾವ ಅಮೃತಪ್ಪ, ಮೂವರೇ. ತಂದೆ ಇಲ್ಲ. ಶನಿವಾರ ಸಂಜೆ ಮಾವ ನನ್ನನ್ನು ಕರೆಸಿ ವ್ಯವಸ್ಥೆ ತಿಳಿಸಿದರು. ಬಂದವರನ್ನು ಕಾಚಿಗುಡಾದ ಲಾಡ್ಜಿನಲ್ಲಿ ಇಳಿಸುವುದು, ಬೆಳಿಗ್ಗೆ ಮನೆಗೆ ಕರೆತಂದು ಹೆಣ್ಣು ತೋರಿಸುವುದು, ಆಮೇಲೆ ನನ್ನ ಕಾರಿನಲ್ಲಿ ಊರು ತೋರಿಸಿ ಹೊರಗೇ ಊಟ ಮಾಡಿಸಿ, ಸಂಜೆ ಬಸ್ಸು ಹತ್ತಿಸುವುದು. ಮನೆಯಲ್ಲಿ ಊಟ ಯಾಕಿಲ್ಲ ಎಂದು ನಾನು ಕೇಳಿದೆ. ಮಾವ ನನ್ನ ಮುಖವನ್ನು ಕನಿಕರದಿಂದ ನೋಡಿದರು. ಹೆಣ್ಣು ನೋಡಲು ಬಂದವರು ಮಾತು ಪಕ್ಕಾ ಆಗುವ ತನಕ ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲವಂತೆ. ಚಹಾ ಕುಡಿಯಬಹುದು, ಒಂದು ಹಿಡಿ ಅವಲಕ್ಕಿ ತಿನ್ನಬಹುದು. ಉಂಡರೆ ಒಪ್ಪಿದಂತೆ. ಹಾಗಾಗಿ ಹೆಣ್ಣಿನ ಕಡೆಯವರು ಉಣ್ಣಿ ಎಂದು ಕರೆಯುವುದೂ ತಪ್ಪು, ಒಪ್ಪಿಕೊಳ್ಳಿ ಎಂದು ಕುತ್ತಿಗೆ ಹಿಡಿದಂತಾಗುತ್ತದೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಮಾವ ಕೈ ಎತ್ತಿದರು. ಅವಳು ಒಳಗೆ ಹೋದಳು.

ಚಿಕ್ಕವನಿದ್ದಾಗ ನಮ್ಮ ಮನೆಯಲ್ಲೂ ಹಾಗೆಯೇ ನಡೆದದ್ದು ನನಗೆ ಮಸುಕಾಗಿ ನೆನಪಿತ್ತು. ಆದ್ದರಿಂದ ನಾನೂ ಸುಮ್ಮನಾದೆ.

ಹೆಣ್ಣು ನೋಡುವ ಕಾರ್ಯ ಚೆನ್ನಾಗಿಯೇ ಆಯಿತು. ಶಾರದಾಬಾಯಿ ಬಾಯಿತುಂಬ ಮಾತಾಡುವ ಹೆಂಗಸು, ದಪ್ಪ ಕುಂಕುಮ, ನಗುಮುಖ. ಸುವರ್ಣಾಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಅವಳ ಆಫೀಸಿನ ವಿಷಯ ಕೇಳಿದರು. ಹುಡುಗ ಮತ್ತು ಸುವರ್ಣಾ ಒಬ್ಬರನ್ನೊಬ್ಬರು ನೋಡಿ ನಗದೆ ಇರಲು ಪಟ್ಟ ಪಾಡು ನನಗೇ ಖುಷಿ ಕೊಟ್ಟಿತು. ಚಹಾ ಬಂತು, ಅವಲಕ್ಕಿ ಬಂತು. ಅಮೃತಪ್ಪನವರು ತಟ್ಟೆ ಖಾಲಿ ಮಾಡಿ ಅಡುಗೆಮನೆಯ ಕಡೆ ಕತ್ತು ತಿರುಗಿಸಿದರು. ಒಳಗಿನಿಂದ ಎಣ್ಣೆಗಾಯಿ ಬದನೆಕಾಯಿಯ ಒಗ್ಗರಣೆಯ ವಾಸನೆ ಬರುತ್ತಿತ್ತು.

ಚಾರ್‌ಮಿನಾರು ನೋಡಿ ಬಹಳ ಕಾಲವಾಯಿತೆಂದು ಅಮೃತಪ್ಪನವರು ಅಂದರು. ನೋಡಿಕೊಂಡು ಬಂದು... ಎಂದು ಶಾರದಾಬಾಯಿ ಶುರು ಮಾಡುವುದರೊಳಗೆ ಮಾವ ಅಡ್ಡ ಬಂದು, ಊಟದ ಚಿಂತೆ ಬಿಡಿ, ಹೈದರಾಬಾದಿನ ಅಸಲಿ ಊಟ ಅಲ್ಲೇ ಮಾಡಿಸುತ್ತೇನೆ ಎಂದರು. ಆಕೆ ಅಕ್ಕನ ಮುಖ ನೋಡಿದರು. ಅಕ್ಕ ನೆಲ ನೋಡಿದಳು. ಆ ಒಂದು ನೋಟವನ್ನು ನಾನು ಅಲ್ಲೇ ಹಿಡಿದುಕೊಳ್ಳಬೇಕಿತ್ತು, ಆದರೆ ಕಾರಿನ ಕೀಲಿ ಹುಡುಕುತ್ತಿದ್ದೆ.

ಈಗ ಆ ದಿನದ ಪಾಡು ಕೇಳಿ. ಭಾನುವಾರ ಚಾರ್‌ಮಿನಾರಿನ ಹತ್ತಿರ ಕಾರು ನಿಲ್ಲಿಸುವುದೆಂದರೆ ಏನೆಂದು ಅಲ್ಲಿ ನಿಲ್ಲಿಸಲು ಹೋದವರಿಗೇ ಗೊತ್ತು. ದೂರದಲ್ಲಿ ಬಿಟ್ಟು ಬಿಸಿಲಲ್ಲಿ ನಡೆದೆವು. ಗೋಪುರ ನೋಡಿದ್ದಾಯಿತು, ಬಳೆಯ ಸಾಲು ನೋಡಿದ್ದಾಯಿತು, ಹೊಟ್ಟೆ ಕೂಗತೊಡಗಿತು. ಮಾವನಿಗೆ ಇದ್ದ ಷರತ್ತುಗಳನ್ನು ಹೇಳಿದರೆ ನೀವು ನಗುತ್ತೀರಿ, ನಾನು ನಗಲಿಲ್ಲ. ಹೋಟೆಲು ಶುದ್ಧ ಶಾಕಾಹಾರಿ ಆಗಿರಬೇಕು. ಇಡ್ಲಿ ದೋಸೆಯದು ಆಗಬಾರದು, ಅದು ಸಿಂಧನೂರಿನಲ್ಲೂ ಸಿಗುತ್ತದೆ. ಈ ಊರಿನ ಊಟವೇ ಆಗಬೇಕು. ದುಬಾರಿ ಆಗಬಾರದು, ದುಬಾರಿಯಾದರೆ ದುಡ್ಡು ಚೆಲ್ಲಿ ಒಪ್ಪಿಗೆ ಕೊಂಡುಕೊಳ್ಳುತ್ತಿದ್ದಾರೆ ಎಂದಾರು. ತೀರಾ ಅಗ್ಗವೂ ಆಗಬಾರದು, ಅಗ್ಗವಾದರೆ ಜಿಪುಣರು ಎಂದಾರು. ಹೈದರಾಬಾದಿನ ಹಳೆಯ ಪೇಟೆಯಲ್ಲಿ, ಗಲ್ಲಿಗೊಂದು ಬಿರಿಯಾನಿ ಹಂಡೆ ಇರುವ ಕಡೆ, ಇಂಥ ಹೋಟೆಲನ್ನು ಹುಡುಕಬೇಕಾಗಿತ್ತು, ಅದೂ ಮದುವೆಯಾದ ಮೇಲೆ ಹೋಟೆಲಿಗೇ ಹೋಗದ ಮನುಷ್ಯನ ಹಿಂದೆ.

ತಮಗೆ ಒಂದು ಜಾಗ ಗೊತ್ತೆಂದು ಮಾವ ಮುಂದೆ ನಡೆದರು. ತಮ್ಮ ಮದುವೆಗೆ ಮುಂಚೆ ಪತ್ಥರ್‌ಗಟ್ಟಿಯ ಹಿಂದಿನ ಗಲ್ಲಿಯಲ್ಲಿ ಒಬ್ಬ ಮಾರವಾಡಿ ಫುಲ್ಕಾ, ದಾಲು ಹಾಕುತ್ತಿದ್ದನಂತೆ. ಆ ಗಲ್ಲಿ ಹೊಕ್ಕು ಈ ಗಲ್ಲಿಯಲ್ಲಿ ಹೊರಟು ಕೊನೆಗೆ ನಾವು ನಿಂತದ್ದು ಮೊಬೈಲಿನ ಕವರು ಮಾರುವ ಅಂಗಡಿಯ ಮುಂದೆ. ಅಂಗಡಿಯವನು ಇಲ್ಲಿ ಎಂದೂ ಊಟದ ಜಾಗ ಇರಲೇ ಇಲ್ಲ ಚಚಾ ಎಂದ. ಅವನ ವಯಸ್ಸು ನೋಡಿದರೆ ಅವನು ಹುಟ್ಟುವ ಮೊದಲೇ ಮಾರವಾಡಿ ಗಂಟು ಕಟ್ಟಿರಬೇಕು. ಮಾವ ಅವನೊಂದಿಗೆ ವಾದಕ್ಕೇ ನಿಂತರು.

ಮೂಲೆಯಲ್ಲಿ ಒಂದು ಇರಾನಿ ಚಹಾದ ಅಂಗಡಿಯಿತ್ತು. ಜನ ಆರಾಮವಾಗಿ ಕೂತು ಬನ್ನಿಗೆ ಬೆಣ್ಣೆ ಹಚ್ಚಿಸಿಕೊಂಡು ತಿನ್ನುತ್ತಿದ್ದರು. ಹುಡುಗ ಮೆಲ್ಲಗೆ, ಇಲ್ಲೇ ಕೂರೋಣವೇ ಎಂದ. ಶಾರದಾಬಾಯಿ ಆಗಲೇ ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಒಳಗೆ ಇಟ್ಟಿದ್ದರು. ಮಾವ ಗಾಜಿನ ಪೆಟ್ಟಿಗೆಯೊಳಗಿನ ಮೊಟ್ಟೆ ಪಫ್ಫಿನ ಸಾಲನ್ನು ತೋರಿಸಿ, ಅಕ್ಕಾರ, ಇಲ್ಲಿ ಬೇಡ ಎಂದರು. ಆಕೆ ಹೆಜ್ಜೆ ಹಿಂದೆ ತೆಗೆದರು. ಬೇಡವೆಂದದ್ದು ಮಾವ, ಆಕೆಯಲ್ಲ. ಆದರೆ ಆಕೆಯ ಪರವಾಗಿ ಇಡೀ ದಿನ ಬೇಡವೆನ್ನುವ ಗುತ್ತಿಗೆಯನ್ನು ಅವರು ಹಿಡಿದಿದ್ದರು.

ಆಮೇಲೆ ಫೋನು ನೋಡಿದೆವು. ಹಿಮಾಯತ್‌ನಗರದ ಕಡೆ ಅಸಲಿ ತೆಲಂಗಾಣ ಊಟದ ಹೋಟೆಲೊಂದು ನಕ್ಷತ್ರಗಳ ರಾಶಿ ಹೊತ್ತು ಕೂತಿತ್ತು. ಆ ದಟ್ಟಣೆಯಲ್ಲಿ ಅಲ್ಲಿಗೆ ತಲುಪುವಷ್ಟರಲ್ಲಿ ಅಮೃತಪ್ಪನವರು ಮಾತು ನಿಲ್ಲಿಸಿದ್ದರು. ಬಾಗಿಲಲ್ಲೇ ಟೋಕನ್ನು. ಗೋಡೆಗೆ ಎತ್ತಿನ ಗಾಡಿಯ ಚಕ್ರ, ಮೂಲೆಯಲ್ಲಿ ಬೀಸುವ ಕಲ್ಲು, ಬಡಿಸುವವರಿಗೆ ರುಮಾಲು. ಎಲ್ಲೆಲ್ಲಿಂದಲೋ ಬಂದ ಜನ ಗಾಡಿಯ ಚಕ್ರದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈ ಊರಿನವರ ಮುಖ ಒಂದೂ ಕಾಣಲಿಲ್ಲ. ಬಹಳ ಹೊತ್ತು ಕಾದು ಕೂತ ಮೇಲೆ ಬಂದ ಪಟ್ಟಿಯಲ್ಲಿ ಜೋಳದ ರೊಟ್ಟಿಯ ದರ ನೋಡಿ ನನ್ನ ಕಣ್ಣು ಕತ್ತಲೆಗಟ್ಟಿತು. ಪಕ್ಕದ ಮೇಜಿಗೆ ಬಂದ ರೊಟ್ಟಿ ಹಪ್ಪಳದಷ್ಟಿತ್ತು, ಮೇಲೆ ಪನೀರಿನ ಚೂರು. ಜೋಳ ಬೆಳೆಯುವ ಊರಿನಿಂದ ಬಂದವರಿಗೆ ಇದನ್ನು ತಿನ್ನಿಸಲು ಕರೆತಂದಿದ್ದೇವೆ ಎಂದು ನನಗೇ ನಾಚಿಕೆಯಾಯಿತು.

ಆದರೂ ತಿಂದು ಏಳೋಣವೆಂದುಕೊಂಡೆ. ಮಾವ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದರು. ಮಟನ್ನು ಬೇಯಿಸುವ ಪಾತ್ರೆ ಬೇರೆಯೋ ಒಂದೆಯೋ ಎಂದು ತೆಲುಗಿನಲ್ಲಿ ವಿಚಾರಿಸಿದರು. ಹೇಳಿದವನು ಪುಣ್ಯಾತ್ಮ, ನಿಜವನ್ನೇ ಹೇಳಿದ. ಗ್ಲಾಸಿನ ನೀರು ಕುಡಿದಿದ್ದ ನಾವು ಐದು ಜನ ಎಲ್ಲರ ಕಣ್ಣೆದುರು ಸಾಲಾಗಿ ಹೊರಗೆ ನಡೆದೆವು. ಟೋಕನ್ನು ಹಿಡಿದು ನಿಂತವರು ನಮ್ಮ ಜಾಗಕ್ಕೆ ಓಡಿದರು.

ಅಷ್ಟರಲ್ಲಿ ಸುವರ್ಣಾ ಫೋನು ಮಾಡಿದಳು. ಅವರು ಉಂಡರೇ ಎಂದು ಕೇಳಿದಳು. ಇಲ್ಲವೆಂದೆ. ಮನೆಗೆ ಕರೆದುಕೊಂಡು ಬಾ ಮಾಮಾ ಎಂದಳು. ನಿಮ್ಮಪ್ಪ ಕೇಳಬೇಕಲ್ಲ ಎಂದೆ. ಅವಳು ಫೋನು ಇಟ್ಟಳು. ಆಗಲೇ ಸಿಟ್ಟು ನನ್ನ ನೆತ್ತಿಗೇರಿತ್ತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಒಬ್ಬ ಆಟೋದವನು, ಇಲ್ಲೇ ಹತ್ತಿರ ಒಳ್ಳೆಯ ವೆಜ್ ಊಟವಿದೆ ಎಂದು ದಾರಿ ತೋರಿಸಿದ. ಹೋಗಿ ನೋಡಿದರೆ ಪ್ರವಾಸಿ ಬಸ್ಸುಗಳ ಸಾಲು, ಬೋರ್ಡಿನ ಮೇಲೆ ಚಾರ್‌ಮಿನಾರಿನ ಚಿತ್ರ, ಒಳಗೆ ಉದ್ದ ಮೇಜಿನ ಮೇಲೆ ನೂಡಲ್ಸು, ಗೋಬಿ, ಗುಲಾಬ್ ಜಾಮೂನು. ನಾನು ಇಲ್ಲೇ ಆಗಲಿ ಎಂದು ಕೈ ಮುಗಿದೆ. ಬೀಗರಾಗುವವರಿಗೆ ನೂಡಲ್ಸು ಹಾಕಿ ಕಳಿಸಿದರು ಎಂದು ಸಿಂಧನೂರಿನ ತುಂಬ ಮಾತಾಗುತ್ತದೆ ಎಂದು ಮಾವ ಕಿವಿಯಲ್ಲಿ ಗದರಿದರು. ಅಮೃತಪ್ಪನವರು ನೂಡಲ್ಸನ್ನೇ ನೋಡುತ್ತಿದ್ದರು. ನನಗೆ ಗೊತ್ತು, ಅವರು ಪಾತ್ರೆ ಸಮೇತ ತಿನ್ನುವ ಸ್ಥಿತಿಯಲ್ಲಿದ್ದರು.

ಆಗ ನನಗೆ ಕೋಠಿಯ ಮೆಸ್ಸು ನೆನಪಾಯಿತು. ಗುಮಾಸ್ತರು, ಔಷಧಿ ಅಂಗಡಿಯವರು ಉಣ್ಣುವ ಜಾಗ. ಮಾಳಿಗೆಯ ಮೇಲೆ, ಬೋರ್ಡೂ ಸರಿಯಾಗಿಲ್ಲ. ಬಾಳೆಲೆ, ಬಿಸಿ ಅನ್ನ, ಪಪ್ಪು, ಗೋಂಗೂರ ಚಟ್ನಿ, ಬದನೆಕಾಯಿ ಪಲ್ಯ. ಮಾವನ ಎಲ್ಲ ಷರತ್ತಿಗೂ ಸರಿ. ಬೆಳಿಗ್ಗೆಯೇ ಯಾಕೆ ನೆನಪಾಗಲಿಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತ ಕಾರು ಓಡಿಸಿದೆ. ಮೆಟ್ಟಿಲು ಹತ್ತುವಾಗ ಶಾರದಾಬಾಯಿ ಗೋಡೆ ಹಿಡಿದುಕೊಂಡರು. ಮೇಲೆ ಬೆಂಚುಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ಒಬ್ಬಾಕೆ ನೆಲ ತೊಳೆಯುತ್ತಿದ್ದಳು. ಗಾಳಿಯಲ್ಲಿ ಇಂಗಿನ ವಾಸನೆ ಇನ್ನೂ ಇತ್ತು.

"ಅಯಿಪೋಯಿಂದಿ ಸಾರ್," ಎಂದಳು. ಮುಗಿದುಹೋಗಿತ್ತು.

ಇಡೀ ಹೈದರಾಬಾದಿನಲ್ಲಿ ಅಸಲಿ ಎಂದು ಬರೆದುಕೊಂಡ ಹೋಟೆಲುಗಳೆಲ್ಲ ತೆರೆದಿದ್ದವು. ಅಸಲಿಯಾಗಿದ್ದ ಒಂದೇ ಒಂದು, ನೆಲ ತೊಳೆದು ಬಾಗಿಲು ಹಾಕುತ್ತಿತ್ತು. ನನಗೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳಬೇಕೆನಿಸಿತು.

ಮೂವರನ್ನೂ ಕಾರಿನಲ್ಲಿ ಕೂರಿಸಿದೆ. ಪಕ್ಕದ ಗಲ್ಲಿಯಲ್ಲಿ ಏನಾದರೂ ಇದೆಯೋ ನೋಡಿ ಬರುತ್ತೇನೆಂದು ಮಾವ ಒಬ್ಬರೇ ಹೋದರು. ಅಮೃತಪ್ಪನವರು ಕಣ್ಣು ಮುಚ್ಚಿ ಒರಗಿದ್ದರು. ಹುಡುಗ ಫೋನು ತಿಕ್ಕುತ್ತಿದ್ದ. ಶಾರದಾಬಾಯಿ ಹಿಂದಿನಿಂದ ನನ್ನ ಭುಜ ಮುಟ್ಟಿದರು.

"ತಮ್ಮಾ, ಒಂದ್ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ. ನಿಮ್ಮಕ್ಕಗ ನಮ್ಮನ್ನ ಮನ್ಯಾಗ ಉಣ್ಣಾಕ ಕರಿಯಾಕ ಮನಸಿಲ್ಲೇನು?"

ನಾನು ಹಿಂದೆ ತಿರುಗಿ ಅವರ ಮುಖ ನೋಡಿದೆ. ಬೆಳಗಿನ ನಗು ಅಲ್ಲಿರಲಿಲ್ಲ, ಕಣ್ಣಂಚು ಕೆಂಪಾಗಿತ್ತು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದವರನ್ನು ಲಾಡ್ಜಿನಲ್ಲಿ ಇಳಿಸಿ, ಒಗ್ಗರಣೆಯ ವಾಸನೆ ತೋರಿಸಿ, ಊಟಕ್ಕೆ ಕರೆಯದೆ ಬಿಸಿಲಿನಲ್ಲಿ ತಿರುಗಿಸಿದ್ದೆವು. ಅವರ ಕಡೆಯಿಂದ ನೋಡಿದರೆ ನಾವು ಮಾಡಿದ್ದು ಅಷ್ಟೇ. ನಾನು ಉಸಿರು ಬಿಡದೆ ಎಲ್ಲವನ್ನೂ ಹೇಳಿದೆ. ಅದು ರಿವಾಜೆಂದು, ನಿಮ್ಮ ಮರ್ಯಾದೆಗೇ ಮಾವ ಹೀಗೆ ಮಾಡಿದ್ದೆಂದು. ಆಕೆ ಬಾಯಿ ತೆರೆದುಕೊಂಡು ಕೇಳಿದರು. ಮಾವ ಅದೇ ಹೊತ್ತಿಗೆ ಬೆವರು ಒರೆಸುತ್ತ ಬಂದು ಕಿಟಕಿಯಲ್ಲಿ ಬಗ್ಗಿ, ಒಂದು ಜಾಗ ಸಿಕ್ಕಿದೆ, ಸ್ವಲ್ಪ ನಡೆಯಬೇಕು ಎಂದರು. ಮುಖದಲ್ಲಿ ಗೆದ್ದ ಕಳೆ.

"ಅಣ್ಣಾರ, ಅದೆಲ್ಲಾ ನಮ್ಮತ್ತಿ ಕಾಲಕ್ಕ ಇತ್ತಂತ," ಎಂದರು ಶಾರದಾಬಾಯಿ. "ಈಗ ಹೆಣ್ಣ ನೋಡಾಕ ಹೋದ್ರ ಉಂಡ ಎದ್ದ ಬರೂದು. ಉಣ್ಣಾಕ ಹಾಕಲಿಲ್ಲ ಅಂದ್ರ ಕೊಡೂ ಮನಸಿಲ್ಲ ಅಂತ ತಿಳ್ಕೋತಾರ."

ಮಾವ ಕಿಟಕಿ ಹಿಡಿದುಕೊಂಡೇ ನಿಂತರು. ಹಿಂದೆ ಸ್ಕೂಟರಿನವನು ಹಾರ್ನು ಹೊಡೆದರೂ ಸರಿಯಲಿಲ್ಲ.

"ಈಗ ಊರಾಗ ಹಂಗ ಇಲ್ಲೇನ್ರಿ?" ಎಂದು ಕೇಳಿದರು.

"ಯಾರ ಮನ್ಯಾಗೂ ಇಲ್ರಿ."

ಅವರು ನನ್ನತ್ತ ನೋಡಿದರು, ನಾನು ಏನಾದರೂ ಬೇರೆ ಹೇಳುತ್ತೇನೆಂದು. ಆಮೇಲೆ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡು, ಮನೆಗೆ ನಡಿ ಕಲ್ಲೇಶಾ ಎಂದರು. ನನಗೆ ಆ ಹೊತ್ತಿಗೆ ಅವರ ಮೇಲೆ ಸಿಟ್ಟೂ ಇತ್ತು, ಕನಿಕರವೂ ಇತ್ತು.

ಅಕ್ಕ ಎಲ್ಲವನ್ನೂ ಮಾಡಿಟ್ಟಿದ್ದಳು. ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಹೋಳಿಗೆ ಕೂಡ. ಊರಿನ ತಂಗಿಯರ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುವವಳು ಅವಳು, ಅವಳಿಗೆ ಎಲ್ಲ ಗೊತ್ತಿತ್ತು. ಮಾವ ಹೋಳಿಗೆಯ ಡಬ್ಬಿ ನೋಡಿ ಅವಳ ಮುಖ ನೋಡಿದರು.

"ನಿನ್ನಿನ ಹೇಳಾಕ ಬಂದಿದ್ದೆ," ಎಂದಳು, ಅಷ್ಟೇ.

ಮೂವರೂ ಕೂತು ಉಂಡರು. ಅಮೃತಪ್ಪನವರು ತಲೆ ಎತ್ತದೆ ಉಂಡರು. ಶಾರದಾಬಾಯಿ ಎಣ್ಣೆಗಾಯಿಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ಸುವರ್ಣಾ ರೊಟ್ಟಿ ತಂದು ತಂದು ಹಾಕಿದಳು, ಹುಡುಗನ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚೇ ಬಿತ್ತು. ನಾನೂ ಅವರ ಪಂಕ್ತಿಯಲ್ಲೇ ಕೂತು ನಾಚಿಕೆ ಬಿಟ್ಟು ಉಂಡೆ. ಮಾವ ಮಾತ್ರ ಕೂರಲಿಲ್ಲ. ಗೋಡೆಗೆ ಒರಗಿ ನಿಂತು, ಒಂದೊಂದು ತುತ್ತು ಬಾಯಿಗೆ ಹೋಗುವುದನ್ನೂ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ನನಗೆ ಆಗ ಅದರ ಅರ್ಥ ಹೊಳೆಯಲಿಲ್ಲ. ಅತಿಥಿಗಳ ಹೊಟ್ಟೆ ತುಂಬಿತೆಂದು ಸಮಾಧಾನವಾಯಿತೇನೋ ಎಂದುಕೊಂಡೆ.

ಬಸ್ಸಿನ ಹೊತ್ತಾಗಿತ್ತು. ಮೂವರನ್ನೂ ಲಾಡ್ಜಿಗೆ ಕರೆದೊಯ್ದು ಸಾಮಾನು ಎತ್ತಿಸಿ ಇಮ್ಲಿಬನ್ ಬಸ್ ನಿಲ್ದಾಣಕ್ಕೆ ಮುಟ್ಟಿಸಿದೆ. ಮಾವ ಬರುತ್ತೇನೆಂದರೂ ಅಮೃತಪ್ಪನವರು ಬೇಡವೆಂದಿದ್ದರು. ಬಸ್ಸು ಇನ್ನೂ ಪ್ಲಾಟ್‌ಫಾರಮ್ಮಿಗೆ ಹಚ್ಚಿರಲಿಲ್ಲ. ಶಾರದಾಬಾಯಿ ನನ್ನನ್ನು ಕಂಬದ ಬದಿಗೆ ಕರೆದರು.

"ನಿಮ್ಮಕ್ಕನ ಕೈರುಚಿ ಭಾಳ ಚಲೋ ಐತಿ. ಹುಡುಗಿನೂ ಚಲೋ ಅದಾಳ, ನಾ ಸುಳ್ಳ ಹೇಳಾಂಗಿಲ್ಲ. ಆದ್ರ ತಮ್ಮಾ, ಒಂದ್ ದಿನಕ್ಕ ನಮಗ ಇಷ್ಟ ಕಟ್ಟು ಹಾಕಿದ್ರು. ನಾಳೆ ಹಬ್ಬ ಅಂತಾರ, ಹುಣ್ಣಿವಿ ಅಂತಾರ, ಬಾಣಂತನ ಅಂತಾರ, ಒಂದೊಂದಕ್ಕೂ ನಾವು ಇವರ ಬಾಯಿ ನೋಡ್ಕೋಂತ ನಿಂದರಬೇಕಾಕ್ಕೈತಿ. ನಮ್ಮದು ಹಂಗಲ್ಲ, ಬಂದವರು ಉಂಡ ಹೋಗೂ ಮನಿ. ಇದು ಹೊಂದೂದಿಲ್ಲ. ನೀನ ಹೇಳಿಬಿಡು."

ಹಸಿವೆಯಲ್ಲಿ ಒಂದು ದಿನ ತಿರುಗಿದ್ದಕ್ಕೆ ಇಷ್ಟು ದೊಡ್ಡ ಮಾತೇ ಎಂದು ನಾನು ಬೇಡಿಕೊಂಡೆ. ಮಾವ ಮಾಡಿದ್ದೆಲ್ಲ ನಿಮ್ಮ ಮೇಲಿನ ಗೌರವಕ್ಕೆ ಎಂದೆ. ಗೊತ್ತಾಯಿತು ತಮ್ಮಾ, ಗೊತ್ತಾದ ಮೇಲೇ ಹೇಳುತ್ತಿದ್ದೇನೆ ಎಂದರು. ಹುಡುಗನ ಕಡೆ ತಿರುಗಿ, ನೀನು ಏನು ಹೇಳುತ್ತಿ ಎಂದು ನೇರವಾಗಿಯೇ ಕೇಳಿದೆ. ಅವನು ಚೀಲದ ಪಟ್ಟಿಯನ್ನು ಬಿಗಿ ಮಾಡಿದ, ಸಡಿಲ ಮಾಡಿದ. ಅವ್ವ ಹೇಳಿದಂತೆ ಎಂದ. ತಿಂಗಳುಗಟ್ಟಲೆ ನಮ್ಮ ಹುಡುಗಿಯ ಜೊತೆ ಮಾತಾಡಿದ ಬಾಯಿ ಅದು. ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಹಿಡಿಯಲಿಲ್ಲ. ಬಸ್ಸು ಬಂತು, ಹತ್ತಿದರು, ಅಮೃತಪ್ಪನವರು ಕಿಟಕಿಯಿಂದ ಕೈ ಮುಗಿದರು.

ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸುತ್ತ ಬಂದೆ. ಮಾವನ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಮಹಡಿಯ ತೆಲುಗಿನವರ ಮನೆಯಾಕೆ ಮೆಟ್ಟಿಲಿಳಿದು ಬರುತ್ತಿದ್ದಳು. ಶುಭಾಕಾಂಕ್ಷಲು ಎಂದು ನನಗೆ ನಗುತ್ತ ಹೇಳಿದಳು. ಏನಕ್ಕೆ ಎಂದು ಕೇಳುವುದರೊಳಗೆ ಬಾಗಿಲಲ್ಲಿ ಮಾವ ಕಂಡರು. ಬಿಳಿ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಬಟ್ಟಲು ತುಂಬ ಸಕ್ಕರೆ ಹಿಡಿದು ನಿಂತಿದ್ದರು. ಮೇಲಿನ ಮನೆ, ಎದುರು ಮನೆ, ಕಿರಾಣಿ ಅಂಗಡಿ, ಎಲ್ಲ ಕಡೆ ಹಂಚಿ ಬಂದಿದ್ದರು.

"ಬಾಯಿ ತಗಿ ಕಲ್ಲೇಶಾ," ಎಂದರು. "ಉಂಡ್ರಲ್ಲ. ಇನ್ನ ಕೇಳೂದೇನೈತಿ?"

ನನ್ನ ಬಾಯಿಗೆ ಸಕ್ಕರೆ ಬಿತ್ತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ನೋಡಿರಲಿಲ್ಲ. ಊಟಕ್ಕೆ ಕರೆಯಬಾರದೆಂಬ ಅರ್ಧ ರಿವಾಜು ಹೋಗಿದೆ ಎಂದು ಕಾರಿನಲ್ಲಿ ಒಪ್ಪಿಕೊಂಡವರು, ಉಂಡರೆ ಒಪ್ಪಿದಂತೆ ಎಂಬ ಉಳಿದರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅದೂ ಹೋಗಿದೆ ಮಾವ, ಈಗ ಉಂಡವರು ಸುಮ್ಮನೆ ಉಂಡಿರುತ್ತಾರೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಬಾಯಿಯ ತುಂಬ ಸಕ್ಕರೆಯಿತ್ತು, ಅದನ್ನು ನುಂಗಲೂ ಆಗುತ್ತಿರಲಿಲ್ಲ.

ಅವರ ಹಿಂದೆ ಸುವರ್ಣಾ ನಿಂತಿದ್ದಳು. ಅವಳು ಸಕ್ಕರೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಒಂದು ಸಲ ಹುಬ್ಬೆತ್ತಿ ಕೇಳಿದಳು. ನಾನು ಕಣ್ಣು ಕೆಳಗೆ ಹಾಕಿದೆ. ಅಷ್ಟು ಸಾಕಾಯಿತು ಅವಳಿಗೆ. ಮಾವ ತಿರುಗಿ, ಬಾಯಿ ತಗಿ ಮಗಳ ಎಂದು ಸಕ್ಕರೆ ಹಿಡಿದರು. ಅವಳು ಬಾಯಿ ತೆರೆದಳು, ತಿಂದಳು, ಅಪ್ಪನ ಕೈಯಿಂದ ಬಟ್ಟಲು ತೆಗೆದು ಕಿಟಕಿಯ ಮೇಲಿಟ್ಟಳು.

"ಅಪ್ಪಾ, ನೀ ಮುಂಜಾನಿಂದ ಏನೂ ಉಂಡಿಲ್ಲ," ಎಂದಳು. "ಕುಂದ್ರು ಬಾ, ಬಡಸ್ತೀನಿ."